ಕಾಕಾ ಮಾಡಿದ ಬಾಣಂತನ

ಬೀದಿಯಲ್ಲಿ ಬಿಟ್ಟಿ ಸಿಕ್ಕ ಹನ್ನೊಂದು ಕುಂಬಳಕಾಯಿಗಳಲ್ಲಿ ಒಂದು ಸಂಸಾರವನ್ನು ಸಂಕ್ರಾಂತಿಯವರೆಗೆ ದಾಟಿಸಿದ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡಿದ್ದೇನೆ ಎಂದರೆ ಸಾಲದು, ಆ ಹನ್ನೊಂದರಲ್ಲಿ ಕಡಿಮೆಯೆಂದರೆ ನಾಲ್ಕನ್ನು ನಾನೇ ತಿಂದಿದ್ದೇನೆ. ಹಾಗಾಗಿ ಈ ವಿಷಯದಲ್ಲಿ ಮಾತಾಡುವ ಅಧಿಕಾರ ನನಗೆ ಪೂರ್ತಿಯಾಗಿ ಇದೆ!

ಅವರು ನಮ್ಮವರ ಕಾಕಾ. ಅಂದರೆ ನನ್ನ ಮಾವನವರ ಕೊನೆಯ ತಮ್ಮ. ಧಾರವಾಡದವರು. ನಾನು ಮೈಸೂರಿನವಳು, ನನಗೆ ಚಿಕ್ಕಪ್ಪ ಎಂದು ಕರೆದೇ ರೂಢಿ. ಮೊದಲ ಸಲ ಹಾಗೆ ಕರೆದಾಗ ಅವರು ಹುಬ್ಬು ಗಂಟಿಕ್ಕಿ, "ಚಿಕ್ಕಪ್ಪ ಅಂದ್ರ ಮೂರಕ್ಷರ, ಕಾಕಾ ಅಂದ್ರ ಎರಡ. ಯಾಕವಾ ಸುಮ್ನ ಖರ್ಚು?" ಎಂದರು. ನನಗೆ ಆಗಲೇ ಅರ್ಥವಾಗಬೇಕಿತ್ತು.

ಕಾಕಾ ಮ್ಯಾನ್‌ಹಾಟನ್ನಿನ ಒಂದು ಕಂಪನಿಯಲ್ಲಿ ಬಾಯ್ಲರುಗಳನ್ನು ಡಿಸೈನ್ ಮಾಡುವ ಎಂಜಿನಿಯರ್. ಜರ್ಸಿ ಸಿಟಿಯ ಒಂದು ಹಳೆಯ ಇಟ್ಟಿಗೆ ಕಟ್ಟಡದ ಮೂರನೆಯ ಮಹಡಿಯಲ್ಲಿ ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದೆ. "ಒಂದs ಸಲ ಹೆಣ್ಣು ನೋಡ್ಲಿಕ್ಕೆ ಹೋಗಿದ್ದೆ. ಆ ಹುಡಿಗಿ ಉಪ್ಪಿಟ್ಟು ಅರ್ಧಾ ತಾಟಿನ್ಯಾಗ ಬಿಟ್ಟು ಎದ್ದಳು. ನಾನೂ ಎದ್ದೆ."

ಜಿಪುಣರು ಅಂದುಬಿಟ್ಟರೆ ಅನ್ಯಾಯವಾಗುತ್ತದೆ. ಜಿಪುಣ ಇನ್ನೊಬ್ಬರಿಗೆ ಕೊಡುವುದಿಲ್ಲ. ಕಾಕಾ ಬೇಕಾದಷ್ಟು ಕೊಡುತ್ತಿದ್ದರು. ಎಸೆಯುವುದನ್ನು ಮಾತ್ರ ಸಹಿಸುತ್ತಿರಲಿಲ್ಲ. ಹೂಕೋಸು ತಂದರೆ ಹೂವು ಪಲ್ಯಕ್ಕೆ, ದಂಟು ಹುಳಿಗೆ, ಎಲೆ ಚಟ್ನಿಗೆ. ಕಲ್ಲಂಗಡಿಯ ಕೆಂಪು ತಿರುಳು ತಿಂದರೆ ಮರುದಿನ ಅದರ ಬಿಳಿಯ ಭಾಗದ ದೋಸೆ. ಸಿಪ್ಪೆಯ ಹೊರಗಿನ ಹಸಿರನ್ನೊಂದು ಅವರು ಹೇಗೆ ಬಿಟ್ಟರು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ನಾವು ಅವರ ಮನೆಗೆ ಹೋಗಿ ಸೇರಿದ್ದು ಎಪ್ಪತ್ತರ ದಶಕದ ಆರಂಭದಲ್ಲಿ, ಅಕ್ಟೋಬರ್ ಕೊನೆಗೆ. ಅಲ್ಲಿಯವರೆಗೆ ನಾವು ಲಾಂಗ್ ಐಲೆಂಡಿನಲ್ಲಿದ್ದೆವು. ನಮ್ಮವರಿಗೆ ಅಲ್ಲೊಂದು ಸಣ್ಣ ಕಂಪನಿಯಲ್ಲಿ ಕೆಲಸ. ಒಂದು ಶುಕ್ರವಾರ ಮೇಲಿನವರು ಕರೆದು, ಕೈಕುಲುಕಿ, ಒಳ್ಳೆಯದಾಗಲಿ ಎಂದು ಹರಸಿ ಮನೆಗೆ ಕಳಿಸಿಬಿಟ್ಟರು. ಇಲ್ಲಿ ಇದಕ್ಕೆ ಲೇ ಆಫ್ ಅನ್ನುತ್ತಾರೆ. ಆಗ ನನಗೆ ಏಳನೆಯ ತಿಂಗಳು. ಊರಿಗೆ ಬರೆದು ಹೇಳುವ ಹಾಗಿಲ್ಲ. ಹೇಳದೆ ನಿದ್ದೆಯೂ ಬರುವುದಿಲ್ಲ.

ಮುಂದಿನ ಭಾನುವಾರ ಕಾಕಾ ಎರಡು ರೈಲು ಬದಲಿಸಿ, ಮಳೆಯಲ್ಲಿ ನೆನೆದು ನಮ್ಮ ಬಾಗಿಲಿಗೆ ಬಂದರು. ಸಾಂತ್ವನ, ಉಪದೇಶ ಯಾವುದೂ ಇಲ್ಲ. ಕೋಟು ಬಿಚ್ಚುವ ಮೊದಲೇ ನಮ್ಮವರ ಮೇಲೆ ಹರಿಹಾಯ್ದರು.

"ಲೇ ತಮ್ಮಾ, ನನ್ನ ಮನ್ಯಾಗ ನಾಕು ರೇಡಿಯೇಟರ್ ಅವ. ನಾಕೂ ದಿನಾ ಕಾಯ್ತಾವ. ಕಾಸಿಗೊಳ್ಳಾಂವ ನಾ ಒಬ್ಬನs. ಎಷ್ಟು ಶಾಖ ಹಾಳಾಗ್ಲಿಕ್ಹತ್ತದ ಗೊತ್ತೇನು? ನಂಗ ನೋಡಿ ನೋಡಿ ಸಂಕಟ ಆಗ್ತದ. ಸಾಮಾನು ಕಟ್ರಿ!"

ಹೀಗೆ ನಾವು ಶಾಖ ಹಾಳಾಗದಂತೆ ತಡೆಯುವ ಸಲುವಾಗಿ ಜರ್ಸಿ ಸಿಟಿಗೆ ಹೋದೆವು.

ಹೋಗಿ ನೋಡಿದರೆ ಆ ರೇಡಿಯೇಟರುಗಳ ಪೈಕಿ ಒಂದೂ ಖಾಲಿ ಇರಲಿಲ್ಲ! ಆ ಹಳೆಯ ಕಟ್ಟಡದಲ್ಲಿ ಕೋಣೆಗಳನ್ನು ಬೆಚ್ಚಗಿಡಲು ಹಬೆಯಿಂದ ಕಾಯುವ ಕಬ್ಬಿಣದ ರೇಡಿಯೇಟರುಗಳು. ಶಾಖವೆಲ್ಲ ಬಾಡಿಗೆಯಲ್ಲೇ ಸೇರಿತ್ತು. ಬಿಟ್ಟಿ ಶಾಖ ಬಾಯ್ಲರ್ ಎಂಜಿನಿಯರನ ಕೈಗೆ ಸಿಕ್ಕರೆ ಕೇಳಬೇಕೇ? ನಡುಮನೆಯ ರೇಡಿಯೇಟರಿನ ಮೇಲೆ ದೋಸೆಹಿಟ್ಟು ಹುಳಿ ಬರುತ್ತಿತ್ತು. ಕಾಕಾ ಮಲಗುವ ಕೋಣೆಯದರ ಮೇಲೆ ಮೊಸರು ಹೆಪ್ಪಾಗುತ್ತಿತ್ತು. ನಮಗೆ ಬಿಟ್ಟುಕೊಟ್ಟ ಕೋಣೆಯದರ ಮೇಲೆ ಮೊಳಕೆ ಕಟ್ಟಿದ ಹೆಸರುಕಾಳಿನ ಗಂಟು. ಇನ್ನು ಬಚ್ಚಲುಮನೆ. ಬಾಗಿಲು ತೆಗೆದವಳು ಹಾಗೇ ನಿಂತುಬಿಟ್ಟೆ. ಒಗೆದ ಅಂಗಿಗಳ ಪಕ್ಕದಲ್ಲಿ, ಒಂದು ಹಳೆಯ ಟ್ರೇಯಲ್ಲಿ, ಸಾಲಾಗಿ ಅಕ್ಕಿ ಸಂಡಿಗೆ!

"ಅಯ್ಯೋ, ಬಚ್ಚಲಲ್ಲಿ ಸಂಡಿಗೆ ಒಣಗಿಸ್ತೀರಾ ಕಾಕಾ?"

"ಹೊರಗ ಬಿಸಿಲು ಅದ ಏನವಾ?"

ಹೊರಗೆ ಬಿಸಿಲಿರಲಿಲ್ಲ. ಇರುವ ಸೂಚನೆಯೂ ಇರಲಿಲ್ಲ. ಅಮೆರಿಕದ ಚಳಿಗಾಲವೆಂದರೆ ಹಿಮ ಬೀಳುತ್ತದೆ, ಕೆಂಪು ಸೀರೆ ಉಟ್ಟು ಬಿಳಿಯ ಹಿಮದಲ್ಲಿ ನಿಂತು ಒಂದು ಫೋಟೋ ತೆಗೆಸಿಕೊಂಡು ಊರಿಗೆ ಕಳಿಸಬೇಕು ಎಂದು ನಾನು ಕನಸು ಕಂಡಿದ್ದೆ. ಆ ವರ್ಷ ಹಿಮ ಎಲ್ಲಿಗೆ ಹೋಗಿತ್ತೋ! ನವೆಂಬರಿನಿಂದ ಮಾರ್ಚಿನವರೆಗೆ ಬರೀ ಜಡಿಮಳೆ. ಮೂಳೆಗೆ ಇಳಿಯುವ ತಣ್ಣನೆ ಮಳೆ. ಜಡಿಮಳೆಯ ಫೋಟೋ ಯಾರಿಗೆ ಕಳಿಸುವುದು?

ಕುಂಬಳಕಾಯಿಯ ಕಥೆ ಶುರುವಾದದ್ದು ಆ ಮಳೆಯಲ್ಲೇ. ಅಕ್ಟೋಬರ್ ಕೊನೆಯ ದಿನ ಹ್ಯಾಲೊವೀನ್ ಹಬ್ಬ. ಪ್ರತಿ ಮನೆಯ ಮೆಟ್ಟಿಲ ಮೇಲೂ ಕುಂಬಳಕಾಯಿ ಇಟ್ಟಿರುತ್ತಾರೆ. ಕೆಲವಕ್ಕೆ ಕಣ್ಣು, ಹಲ್ಲು ಕೊರೆದು ಭೂತ ಮಾಡಿರುತ್ತಾರೆ. ಕೆಲವು ಹಾಗೇ ಇಡಿಯಾಗಿರುತ್ತವೆ. ಮರುದಿನ ಬೆಳಿಗ್ಗೆ ಎಲ್ಲವೂ ಕಸದ ಡಬ್ಬದ ಪಕ್ಕ! ಕಿಟಕಿಯಿಂದ ಅದನ್ನು ನೋಡಿದ ಕಾಕಾನ ಮುಖದಲ್ಲಿ ಯಾರೋ ತೀರಿಕೊಂಡಂಥ ದುಃಖ. ಬಟ್ಟೆ ಒಗೆಯಲು ಲಾಂಡ್ರಿಗೆ ಒಯ್ಯುವ ಸಣ್ಣ ಚಕ್ರದ ಗಾಡಿಯನ್ನು ತೆಗೆದರು, ನಮ್ಮವರಿಗೊಂದು ಕೊಡೆ ಕೊಟ್ಟರು.

ನಮ್ಮವರು ಬಾಗಿಲಲ್ಲೇ ನಿಂತರು. "ಕಾಕಾ, ನಾನು ಎಂ.ಎಸ್. ಮಾಡಿದಾಂವ. ಯಾರರೆ ನೋಡಿದ್ರ?"

"ನೋಡಿದ್ರ ಅವರಿಗೂ ಎರಡು ಕೊಡೂಣು."

"ಇವತ್ತು ನೌಕರಿಗೆ ನಾಕು ಅರ್ಜಿ ಹಾಕೂದದ ನಂದು."

"ನೌಕರಿ ನಾಳೆನೂ ಸಿಗ್ತದ ತಮ್ಮಾ. ಕುಂಬಳಕಾಯಿ ಇವತ್ತs ಸಿಗ್ತದ. ನಡಿ!"

ಕಿಟಕಿಯಲ್ಲಿ ನಿಂತು ನೋಡಿದೆ. ಮಳೆಯಲ್ಲಿ ಇಬ್ಬರು ಎಂಜಿನಿಯರುಗಳು, ಒಬ್ಬರು ಕೊಡೆ ಹಿಡಿದು, ಒಬ್ಬರು ಗಾಡಿ ತಳ್ಳಿಕೊಂಡು, ಮನೆ ಮನೆಯ ಮುಂದೆ ನಿಂತು ಕುಂಬಳಕಾಯಿಯನ್ನು ಬೆರಳಲ್ಲಿ ತಟ್ಟಿ, ಕಿವಿಗೊಟ್ಟು ಕೇಳಿ, ಗಾಡಿಗೆ ಹಾಕುತ್ತಿದ್ದಾರೆ. ಕೆಲಸ ಹೋದ ಮೇಲೆ ನಮ್ಮವರ ಮುಖದಲ್ಲಿ ನಗೆ ಎಂಬುದನ್ನು ನಾನು ಕಂಡಿರಲಿಲ್ಲ. ಆವತ್ತು ಹನ್ನೊಂದನೆಯದನ್ನು ಗಾಡಿಯ ತುದಿಯಲ್ಲಿ ಕೂರಿಸಲು ಹೋಗಿ ಅದು ಉರುಳಿ ಬೀದಿಯುದ್ದಕ್ಕೂ ಓಡಿದಾಗ, ಅದರ ಹಿಂದೆ ಓಡುತ್ತಾ ಅವರು ಜೋರಾಗಿ ನಕ್ಕಿದ್ದು ಮೂರನೆಯ ಮಹಡಿಗೂ ಕೇಳಿಸಿತು.

ಬೀದಿಯವರು ನೋಡದೆ ಇರುತ್ತಾರೆಯೇ? ಎರಡು ದಿನ ಬಿಟ್ಟು ಬಾಗಿಲು ತೆಗೆದರೆ ಹೊಸಿಲ ಮೇಲೆ ಒಂದು ಕಾಗದದ ಚೀಲ. ಒಳಗೆ ಬೀನ್ಸಿನ ಡಬ್ಬಿ ಎರಡು, ಕೋಳಿ ಸೂಪಿನ ಡಬ್ಬಿ ಮೂರು, ಜೊತೆಗೆ ದೇವರು ನಿಮ್ಮನ್ನು ಕಾಪಾಡಲಿ ಎಂದು ಬರೆದ ಚೀಟಿ. ನಮ್ಮವರ ಮುಖ ಕಪ್ಪಿಟ್ಟಿತು. ನನಗೂ ಅಳು ಬಂತು. ಕಾಕಾ ಚೀಟಿಯನ್ನು ಎರಡು ಸಲ ಓದಿದರು. "ಎಂಥಾ ಛಲೋ ಮಂದಿ!" ಎಂದರು. ಆಮೇಲೆ ಕೋಳಿ ಸೂಪಿನ ಡಬ್ಬಿಗಳನ್ನು ಬಗಲಿಗೆ ಸಿಕ್ಕಿಸಿಕೊಂಡು ಕೆಳಗಿನ ಮನೆಯ ಇಟಾಲಿಯನ್ ಅಜ್ಜಿಯ ಹತ್ತಿರ ಹೋಗಿ, ಬದಲಿಗೆ ಟೊಮ್ಯಾಟೊ ಡಬ್ಬಿ ಮೂರು ತಂದರು. ಆ ರಾತ್ರಿ ಟೊಮ್ಯಾಟೊ ಸಾರು. ಅಮೆರಿಕದ ದಾನ, ಇಟಲಿಯ ಹಣ್ಣು, ಧಾರವಾಡದ ಒಗ್ಗರಣೆ!

ಆಮೇಲೆ ಶುರುವಾಯಿತು ನೋಡಿ. ಕುಂಬಳಕಾಯಿ ಹುಳಿ, ಕುಂಬಳಕಾಯಿ ಗೊಜ್ಜು, ಕುಂಬಳಕಾಯಿ ಕಡುಬು, ಕುಂಬಳಕಾಯಿ ಥಾಲಿಪೆಟ್ಟು. ಬೀಜ ಹುರಿದು ಉಪ್ಪು ಹಚ್ಚಿ ಕುರುಕಲು. ಸಿಪ್ಪೆಯ ಚಟ್ನಿ. ನವೆಂಬರ್ ಕೊನೆಗೆ ನನ್ನ ಅಂಗೈ ಹಳದಿಯಾಗಿದೆಯೇನೋ ಎಂದು ಅನುಮಾನ ಬಂದು ಡಾಕ್ಟರಿಗೆ ತೋರಿಸಿದೆ. ಅವರು ಪರೀಕ್ಷೆ ಮಾಡಿ, ಇಷ್ಟು ಚೆನ್ನಾಗಿ ತರಕಾರಿ ತಿನ್ನುವ ಬಸುರಿಯನ್ನು ನಾನು ನೋಡಿಯೇ ಇಲ್ಲ, ಯಾವ ಡಯಟ್ ಪುಸ್ತಕ ಓದುತ್ತೀ ಎಂದು ಕೇಳಿದರು. ನಾನೇನು ಹೇಳಲಿ?

ಮಳೆಯ ಜೊತೆಗೆ ಗಾಳಿ. ಮ್ಯಾನ್‌ಹಾಟನ್ನಿನ ಬೀದಿಗಳಲ್ಲಿ ಗಾಳಿಗೆ ಮುರಿದ ಕೊಡೆಗಳನ್ನು ಜನ ಮೂಲೆ ಮೂಲೆಗೆ ಎಸೆದು ಹೋಗುತ್ತಿದ್ದರು. ಕಾಕಾ ಆಫೀಸಿನಿಂದ ಬರುವಾಗ ದಿನಕ್ಕೆ ಎರಡಾದರೂ ಎತ್ತಿಕೊಂಡು ಬರುತ್ತಿದ್ದರು. ಕಡ್ಡಿಗಳನ್ನು ಕಿತ್ತು, ತೊಳೆದು, ಬದನೆಕಾಯಿ ಚುಚ್ಚಿ ಸುಡುವ ಸಲಾಕೆ ಮಾಡಿದರು. ಅದೇನೋ ಬಹಳ ಚೆನ್ನಾಗಿತ್ತು. ಆ ಉತ್ಸಾಹದಲ್ಲಿ ಕೊಡೆಯ ಬಟ್ಟೆಯಲ್ಲಿ ಶ್ರೀಖಂಡಕ್ಕೆಂದು ಮೊಸರು ಕಟ್ಟಿ ತೂಗುಹಾಕಿದರು. ಒಂದು ಗಂಟೆಯಾಯಿತು, ಎರಡು ಗಂಟೆಯಾಯಿತು, ಕೆಳಗಿಟ್ಟ ಪಾತ್ರೆಗೆ ಒಂದು ಹನಿ ನೀರಿಲ್ಲ. ಕಾಕಾ ಗಂಟಿನ ಸುತ್ತ ತಿರುಗಿದರು, ತಟ್ಟಿದರು, ಹಿಂಡಿದರು.

ಕೊನೆಗೆ ನಾನು ಮೆಲ್ಲನೆ ಅಂದೆ. "ಕಾಕಾ, ಕೊಡೆ ಇರೋದೇ ನೀರು ಇಳೀಬಾರ್ದು ಅಂತ ಅಲ್ವಾ?"

ಹನ್ನೆರಡು ವರ್ಷ ಬಾಯ್ಲರ್ ಡಿಸೈನ್ ಮಾಡಿದ ಆ ಎಂಜಿನಿಯರ್ ನನ್ನನ್ನೊಮ್ಮೆ, ಗಂಟನ್ನೊಮ್ಮೆ ನೋಡಿ, "ಕೊಡಿ ಭಾಳ ಛಲೋ ಕ್ವಾಲಿಟಿದವಾ. ಒಗದು ಹೋದಾಂವ ಮೂರ್ಖ!" ಎಂದರು.

ಡಿಸೆಂಬರಿನಲ್ಲಿ ಮೈಸೂರಿನಿಂದ ಕಾಗದ ಬಂತು. ನನ್ನ ಬಾಣಂತನಕ್ಕೆ ಅಮ್ಮ ಬರುವುದೆಂದು ನಿಶ್ಚಯವಾಗಿತ್ತು. ಪಾಸ್‌ಪೋರ್ಟ್ ಆಗಿತ್ತು, ಉಣ್ಣೆಯ ಕೋಟು ಕೂಡ ಹೊಲಿಸಿದ್ದರಂತೆ. ಅಷ್ಟರಲ್ಲಿ ಅಪ್ಪ ಹಿತ್ತಿಲ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಮೂರು ತಿಂಗಳು ಹಾಸಿಗೆ. "ನಿನ್ನನ್ನು ನೋಡಿಕೊಳ್ಳಲೋ ಇವರನ್ನು ನೋಡಿಕೊಳ್ಳಲೋ ತಿಳಿಯುತ್ತಿಲ್ಲ ಮಗಳೇ" ಎಂದು ಅಮ್ಮ ಬರೆದಿದ್ದಳು. ಅಕ್ಷರಗಳ ಮೇಲೆ ಶಾಯಿ ಅಲ್ಲಲ್ಲಿ ಹರಡಿತ್ತು. ಆ ಕಾಗದವನ್ನು ಹಿಡಿದುಕೊಂಡು ಅಡುಗೆಮನೆಯಲ್ಲಿ ಕೂತು ನಾನು ಬಿಕ್ಕಿ ಬಿಕ್ಕಿ ಅತ್ತೆ. ನಮ್ಮವರು ಹೊರಗೆ ಹೋಗಿ ಬಾಲ್ಕನಿಯಲ್ಲಿ ನಿಂತರು.

ಕಾಕಾ ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದರು. ತಿರುಗದೆಯೇ ಅಂದರು. "ನಾ ಮಾಡ್ತೇನಿ."

"ಏನ್ ಮಾಡ್ತೀರಿ?"

"ಬಾಣಂತನ."

ಅಳುವಿನ ನಡುವೆಯೇ ನನಗೆ ನಗು ಬಂದುಬಿಟ್ಟಿತು. "ಗಂಡಸರು ಬಾಣಂತನ ಮಾಡ್ತಾರಾ ಕಾಕಾ!"

"ಬಾಯ್ಲರ್ ಡಿಸೈನ್ ಮಾಡಾಂವಗ ಬಾಣಂತನ ಬರೂದಿಲ್ಲೇನು? ಎರಡೂ ಬೆಚ್ಚಗ ಇಡೂ ಕೆಲಸನs."

ತಮಾಷೆಗೆ ಹೇಳಿದರು ಅಂದುಕೊಂಡೆ. ಮರುದಿನ ನೋಡಿದರೆ ಅಮ್ಮನಿಗೆ ಏರೋಗ್ರಾಮ್ ಬರೆಯುತ್ತಾ ಕೂತಿದ್ದಾರೆ! ಬಾಣಂತಿಗೆ ಮೊದಲ ಹತ್ತು ದಿನ ಏನು, ಆಮೇಲೆ ಏನು, ಮೆಣಸು ಎಷ್ಟು, ತುಪ್ಪ ಎಷ್ಟು, ಯಾವುದು ನಂಜು, ಯಾವುದು ವಾಯು, ಎಲ್ಲವನ್ನೂ ವಿವರವಾಗಿ ತಿಳಿಸಬೇಕೆಂದು ವಿನಂತಿ. ಜಾಗ ಉಳಿಯಿತೆಂದು ಅಂಚಿನ ಸುತ್ತ ನನ್ನ ಆರೋಗ್ಯ, ಅಪ್ಪನ ಸೊಂಟಕ್ಕೆ ಸಲಹೆ, ಜರ್ಸಿ ಸಿಟಿಯ ಹವಾಮಾನ. ಬೀಗರ ಮನೆಯ ಗಂಡಸಿನಿಂದ ಇಂಥ ಕಾಗದ ಬಂದದ್ದು ನೋಡಿ ಅಮ್ಮ ದಂಗಾದಳಂತೆ. ಆದರೂ ಉತ್ತರ ಬರೆದಳು. ಶುಂಠಿ, ಮೆಣಸು, ಜೀರಿಗೆಯ ಸಾರು, ಬೆಳ್ಳುಳ್ಳಿ ಚಟ್ನಿ, ಬಿಸಿ ಅನ್ನ, ಹೆಚ್ಚೆಂದರೆ ಹೀರೆಕಾಯಿ.

ಕಾಕಾ ಓದಿ ಮೂಗು ಮುರಿದರು. "ಇದೇನವಾ ನಿಮ್ಮ ಮೈಸೂರು ಕಡೆದು! ಬಾಣಂತಿಗೆ ಬರೇ ಸಾರು? ನಮ್ಮ ಕಡೆ ಅಳವಿ ಪಾಯಸ ಬೇಕು, ಅಂಟಿನ ಉಂಡಿ ಬೇಕು. ಇಲ್ಲಾಂದ್ರ ನಡಾ ಹೆಂಗ ಗಟ್ಟಿ ಆಗಬೇಕು?"

ಕಾಗದಗಳ ಮೂಲಕ ಇಬ್ಬರಿಗೂ ವಾದ ನಡೆದು, ಕೊನೆಗೆ ಬೆಳಿಗ್ಗೆ ಮೈಸೂರು, ಸಂಜೆ ಧಾರವಾಡ ಎಂದು ರಾಜಿಯಾಯಿತು. ರಾಜ್ಯದ ಏಕೀಕರಣಕ್ಕೆ ದೊಡ್ಡವರೆಲ್ಲ ಎಷ್ಟು ವರ್ಷ ಹೋರಾಡಿದರೋ. ನನ್ನ ಹೊಟ್ಟೆಯಲ್ಲಿ ಅದು ನಾಲ್ಕೇ ಏರೋಗ್ರಾಮಿನಲ್ಲಿ ಮುಗಿಯಿತು!

ಜನವರಿ ನಡುವೆ ಮಗಳು ಹುಟ್ಟಿದಳು. ಏಳು ಪೌಂಡು ಎರಡು ಔನ್ಸು. ಹೆರಿಗೆ ಸುಲಭವಾಗಿರಲಿಲ್ಲ, ತುಂಬ ಸುಸ್ತಾಗಿದ್ದೆ. ಕಣ್ಣು ಬಿಟ್ಟರೆ ನರ್ಸ್ ಒಬ್ಬಳು ಪ್ರೀತಿಯಿಂದ ಎದುರಿಗೆ ಇಟ್ಟದ್ದು ಐಸ್ ಹಾಕಿದ ನೀರು, ತಣ್ಣಗಿನ ಕಿತ್ತಳೆ ರಸ, ಬಟ್ಟಲಲ್ಲಿ ಗಡಗಡ ನಡುಗುವ ಹಸಿರು ಜೆಲ್ಲಿ. ಅದು ನಡುಗುವುದನ್ನು ನೋಡಿ ನಾನೂ ನಡುಗಿದೆ.

ಸಂದರ್ಶಕರ ವೇಳೆಗೆ ಕಾಕಾ ಬಂದರು. ಐಸ್ ನೀರನ್ನು ನೋಡಿ ಅವರು ಮಾಡಿದ ಮುಖವನ್ನು ನಾನು ವರ್ಣಿಸಲಾರೆ. ಕೋಟಿನೊಳಗಿಂದ ಥರ್ಮಾಸ್ ಫ್ಲಾಸ್ಕ್ ಹೊರಬಂತು. ಆ ಫ್ಲಾಸ್ಕಿನಲ್ಲಿ ಅವರು ಬೆಳಿಗ್ಗೆ ಕುದಿಯುವ ನೀರು, ಬೇಳೆ ಹಾಕಿ ಮುಚ್ಚಿ ಆಫೀಸಿಗೆ ಒಯ್ಯುತ್ತಿದ್ದರು. ರೈಲಿನಲ್ಲಿ ಕೂತಂತೆಯೇ ಬೇಳೆ ಬೆಂದು, ಊಟದ ಹೊತ್ತಿಗೆ ತೊವ್ವೆ ತಯಾರು. ಈಗ ಅದರಲ್ಲಿ ಮೆಣಸಿನ ಸಾರು. ಮುಚ್ಚಳ ತೆಗೆದದ್ದೇ ತಡ, ವಾರ್ಡಿಗೆ ವಾರ್ಡೇ ಮೂಗೆತ್ತಿ ನೋಡಿತು. ನರ್ಸ್ ಓಡಿ ಬಂದಳು. ಹೊರಗಿನ ಆಹಾರ ತರುವ ಹಾಗಿಲ್ಲ, ಏನಿದು ಎಂದು ಕೇಳಿದಳು.

"ಬ್ಲ್ಯಾಕ್ ಪೆಪ್ಪರ್ ಟೀ" ಎಂದರು ಕಾಕಾ, ಕಣ್ಣು ಮಿಟುಕಿಸದೆ. "ಯು ಟೇಸ್ಟ್."

ನರ್ಸಿಗೆ ಪಾಪ ನೆಗಡಿ, ದನಿಯೇ ಕಟ್ಟಿತ್ತು. ಮುಚ್ಚಳದಲ್ಲಿ ಬಗ್ಗಿಸಿದ್ದನ್ನು ಒಂದು ಗುಟುಕು ಕುಡಿದಳು. ಕಣ್ಣಲ್ಲಿ ನೀರು ಬಂತು, ಮೂಗಲ್ಲಿ ನೀರು ಬಂತು. ನಾನು ಹೆದರಿಬಿಟ್ಟೆ. ಆಮೇಲೆ ಅವಳು ದೀರ್ಘವಾಗಿ ಉಸಿರೆಳೆದು, "ಒಂದು ತಿಂಗಳಾದ ಮೇಲೆ ಈಗ ಉಸಿರಾಡುತ್ತಿದ್ದೇನೆ" ಎಂದು ಇಂಗ್ಲಿಷಿನಲ್ಲಿ ಉದ್ಗರಿಸಿದಳು. ಮರುದಿನದಿಂದ ಕಾಕಾ ಬರುವ ಹೊತ್ತಿಗೆ ಅವಳೇ ಕಪ್ಪು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು.

ಮನೆಗೆ ಬಂದೆ. ಮೆಣಸು, ಜೀರಿಗೆ, ಶುಂಠಿ ಸಿಕ್ಕವು. ಅಂಟಿನ ಉಂಡೆಗೆ ಬೇಕಾದ ಗೋಂದು ಯಾವುದೋ ಔಷಧಿ ಅಂಗಡಿಯಲ್ಲಿ ಸಿಕ್ಕಿತು. ತಿನ್ನುವುದಕ್ಕೆ ಎಂದಾಗ ಅಂಗಡಿಯವನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡನಂತೆ. ಅಳವಿ ಮಾತ್ರ ಎಲ್ಲೂ ಇಲ್ಲ. ಅದು ಸಾಸಿವೆಯ ಹಾಗಿರುವ ಕೆಂಪು ಬೀಜ. ಬೆಲ್ಲ, ಹಾಲು ಹಾಕಿ ಪಾಯಸ ಮಾಡಿದರೆ ಬಾಣಂತಿಗೆ ಹಾಲು ಹೆಚ್ಚುತ್ತದೆಂದು ನಂಬಿಕೆ. ಆಗ ನನಗೆ ಅದೇ ಚಿಂತೆಯಾಗಿತ್ತು. ಮಗುವಿಗೆ ಹಾಲು ಸಾಲುತ್ತಿರಲಿಲ್ಲ. ಅದು ಅತ್ತರೆ ನಾನೂ ಅಳುತ್ತಿದ್ದೆ. ಡಬ್ಬಿಯ ಹಾಲು ಕೊಟ್ಟರೆ ಕಕ್ಕಿಕೊಳ್ಳುತ್ತಿತ್ತು. ತೂಕ ಏರುತ್ತಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದ್ದರು.

ಕಾಕಾ ಲೈಬ್ರರಿಗೆ ಹೋಗಿ, ಸಸ್ಯಗಳ ಪುಸ್ತಕ ತಿರುವಿ, ಅಳವಿಗೆ ಇಲ್ಲಿ ಗಾರ್ಡನ್ ಕ್ರೆಸ್ ಎನ್ನುತ್ತಾರೆಂದು ಪತ್ತೆ ಮಾಡಿದರು. ತೋಟಕ್ಕೆ ಬಿತ್ತುವ ಬೀಜ ಮಾರುವ ಅಂಗಡಿಯಲ್ಲಿ ಸಿಗಬಹುದು! ಎಂದೂ ರಜೆ ಹಾಕದವರು ಒಂದು ದಿನ ರಜೆ ಹಾಕಿ, ಮಳೆಯಲ್ಲಿ ಎರಡು ಬಸ್ಸು ಹತ್ತಿ ಇಳಿದು ಅಂಥ ಒಂದು ಅಂಗಡಿಗೆ ಹೋದರು. ಅಲ್ಲಿ ನಡೆದ ಮಾತುಕತೆಯನ್ನು ಅವರೇ ಬಂದು ನಮಗೆ ವರದಿ ಮಾಡಿದ್ದು.

ಅಂಗಡಿಯ ಮುದುಕ ಒಂದು ಪುಟ್ಟ ಪೊಟ್ಟಣ ಕೊಟ್ಟ. ಒಂದು ಚಮಚ ಬೀಜವೂ ಇಲ್ಲ. ಕಾಕಾ, ಇರುವಷ್ಟೂ ಕೊಡು ಎಂದರು. ಅವನು ಒಳಗೆ ಹೋಗಿ ಪೆಟ್ಟಿಗೆಯನ್ನೇ ತಂದ. ನಲವತ್ತು ಪೊಟ್ಟಣ. ಬೀಜಕ್ಕೆ ಹುಳ ಹಿಡಿಯದಂತೆ ಔಷಧ ಹಚ್ಚಿದ್ದೀರಾ ಎಂದು ಕೇಳಿದರು. ಇಲ್ಲ ಎಂದ. ಖಂಡಿತ ಇಲ್ಲವೇ? ಖಂಡಿತ ಇಲ್ಲ. ಅವನಿಗೆ ಕುತೂಹಲ ತಡೆಯಲಿಲ್ಲ. ಫೆಬ್ರವರಿ ಮಳೆಯಲ್ಲಿ ನಲವತ್ತು ಪೊಟ್ಟಣ ಕ್ರೆಸ್ ಕೊಳ್ಳುವ ಈ ಮನುಷ್ಯನ ತೋಟ ಎಷ್ಟು ದೊಡ್ಡದಿರಬೇಕು?

ಕೇಳಿಯೇಬಿಟ್ಟ. "ಹೌ ಬಿಗ್ ಈಸ್ ಯುವರ್ ಗಾರ್ಡನ್?"

ಕಾಕಾ ಹೆಮ್ಮೆಯಿಂದ ಉತ್ತರಿಸಿದರಂತೆ. "ಸೆವೆನ್ ಪೌಂಡ್ಸ್, ಟೂ ಔನ್ಸಸ್!"

ಹೂಕೋಸಿನ ಎಲೆಯನ್ನೂ ಬಿಡದ ಮನುಷ್ಯ, ಚಮಚ ಬೀಜಕ್ಕೆ ಅವನು ಹೇಳಿದ ಬೆಲೆ ಕೊಟ್ಟು, ಚೌಕಾಸಿಯಿಲ್ಲದೆ ಪೆಟ್ಟಿಗೆಗೆ ಪೆಟ್ಟಿಗೆಯನ್ನೇ ತಂದಿದ್ದರು. ಆದರೆ ಪಾಯಸ ನನಗೆ ಕೊಡಲಿಲ್ಲ. ಮೊದಲು ತಾವೊಂದು ಬಟ್ಟಲು ತಿಂದರು. ಒಂದು ಇಡೀ ದಿನ ಕಾದರು. ನಮ್ಮವರು "ಯಾಕ ಕಾಕಾ?" ಎಂದರೆ, "ಬಾಯ್ಲರಿಗೆ ಮೊದಲ ಟೆಸ್ಟ್ ಮಾಡ್ತೇವಿ, ಆಮ್ಯಾಲೆ ಗಿರಾಕಿಗೆ" ಎಂದರು. ಏನೂ ಆಗಲಿಲ್ಲ ಎಂದು ಖಾತ್ರಿಯಾದ ಮೇಲೆ ನನ್ನ ಕೈಗೆ ಬಿಸಿ ಬಟ್ಟಲು ಬಂತು. ಲೋಳೆ ಲೋಳೆಯಾಗಿ, ಕಂದು ಬಣ್ಣಕ್ಕೆ, ನೋಡಲು ಚೆನ್ನಾಗಿರಲಿಲ್ಲ ಎಂದೇ ಇಟ್ಟುಕೊಳ್ಳಿ. ನಾನು ಕಣ್ಣು ಮುಚ್ಚಿ ತಿಂದೆ. ದಿನಾ ತಿಂದೆ. ಬೀಜದ ಗುಣವೋ, ಬಿಸಿ ಊಟದ ಗುಣವೋ, ಅಥವಾ ಒಬ್ಬರು ನನಗಾಗಿ ಮಳೆಯಲ್ಲಿ ಅಲೆದರು ಎಂಬ ಸಮಾಧಾನದ ಗುಣವೋ, ಹತ್ತು ದಿನದಲ್ಲಿ ಮಗು ಹೊಟ್ಟೆ ತುಂಬ ಕುಡಿದು ಮಲಗತೊಡಗಿತು. ಡಾಕ್ಟರು ತೂಕ ನೋಡಿ ತಲೆದೂಗಿದರು. ಖಾಲಿಯಾದ ಪೊಟ್ಟಣಗಳನ್ನು ಕಾಕಾ ಏನು ಮಾಡಿದರು ಎನ್ನುತ್ತೀರಾ? ಜೀರಿಗೆ ಪುಡಿ, ಮೆಣಸಿನ ಪುಡಿ ತುಂಬಿ ಸಾಲಾಗಿ ಜೋಡಿಸಿದರು. ಎಲ್ಲದರ ಮೇಲೂ ಹಸಿರು ಕ್ರೆಸ್ ಗಿಡದ ಚಿತ್ರ. ಯಾವುದರಲ್ಲಿ ಏನಿದೆ ಎಂಬುದು ಅವರೊಬ್ಬರಿಗೇ ಗೊತ್ತು!

ಮಗುವಿನ ಎಣ್ಣೆನೀರಿಗೆ ಮಾತ್ರ ಕಾಕಾನಿಗೆ ಧೈರ್ಯ ಬರಲಿಲ್ಲ. "ಭಾಳ ಸಣ್ಣದದವಾ, ನನ್ನ ಕೈ ಒರಟು" ಎಂದರು. ಕೆಳಗಿನ ಮನೆಯ ಇಟಾಲಿಯನ್ ಅಜ್ಜಿ ಅದನ್ನು ವಹಿಸಿಕೊಂಡರು. ದಿನಾ ಬೆಳಿಗ್ಗೆ ಸಣ್ಣ ಬಾಟಲಿಯಲ್ಲಿ ಆಲಿವ್ ಎಣ್ಣೆ ಹಿಡಿದು ಮೇಲೆ ಬರುತ್ತಿದ್ದರು. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಅವರ ಭಾಷೆಯಲ್ಲಿ ಏನೋ ಹಾಡುತ್ತಾ ತಿಕ್ಕುತ್ತಿದ್ದರು. ಮೈಸೂರಿನ ನಮ್ಮ ಅಜ್ಜಿಯೇ ಬಂದು ಕೂತಂತೆ ನನಗೆ ಅನ್ನಿಸುತ್ತಿತ್ತು. ಒಂದು ಮಾತೂ ನನಗೆ ಅವರದು ತಿಳಿಯದು, ಅವರಿಗೆ ನನ್ನದು ತಿಳಿಯದು. ಕಾಕಾ ಪಕ್ಕದಲ್ಲಿ ನಿಂತು ನೀರಿನ ಬಿಸಿಯನ್ನು ಥರ್ಮಾಮೀಟರಿನಲ್ಲಿ ಅಳೆದು ಕೊಡುತ್ತಿದ್ದರು. ಅಜ್ಜಿ ಅದನ್ನು ಪಕ್ಕಕ್ಕೆ ತಳ್ಳಿ, ತಮ್ಮ ಮೊಣಕೈ ಅದ್ದಿ ನೋಡಿ, ತಣ್ಣೀರು ಸುರಿಯುತ್ತಿದ್ದರು. ಎಂಜಿನಿಯರರಿಗೆ ಅಂಥ ಅವಮಾನ ಆಫೀಸಿನಲ್ಲಿ ಆಗಿರಲಿಕ್ಕಿಲ್ಲ.

ಮಾರ್ಚ್ ಮೊದಲ ವಾರ ನಮ್ಮವರಿಗೆ ಓಲ್ಡ್ ಬ್ರಿಡ್ಜ್ ಎಂಬ ಊರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಫೋನ್ ಕೆಳಗಿಟ್ಟು ನಮ್ಮವರು ಕಾಕಾನ ಕಾಲಿಗೆ ಬಿದ್ದುಬಿಟ್ಟರು. "ಏಳಲೇ, ಪ್ಯಾಂಟು ಹೊಲಸಾಗ್ತದ. ಮತ್ತ ಒಗೀಬೇಕು" ಎಂದರು ಕಾಕಾ. ತಿಂಗಳ ಕೊನೆಗೆ ನಾವು ಅಲ್ಲಿ ಮನೆ ಮಾಡಿ ಹೋಗುವುದೆಂದಾಯಿತು.

ಅಷ್ಟು ಹೊತ್ತಿಗೆ ನನಗೆ ನಲವತ್ತು ದಿನ ಕಳೆದಿತ್ತು. ಒಂದು ಭಾನುವಾರ ಮಧ್ಯಾಹ್ನ, ಕಾಕಾ ಅಂಗಡಿಗೆ ಹೋದ ಸಮಯ ನೋಡಿ, ತಲೆಗೆ ಸ್ನಾನ ಮಾಡಿ ಒಲೆಯ ಮುಂದೆ ನಿಂತೆ. ಆ ಮನೆಯಲ್ಲಿ ನಾನು ಮಾಡಿದ ಮೊದಲ ಅಡುಗೆ. ವಿಶೇಷವೇನಿಲ್ಲ, ಅನ್ನ, ಮೈಸೂರಿನ ಬೇಳೆಸಾರು, ಹುರುಳಿಕಾಯಿ ಪಲ್ಯ. ಕಾಕಾ ಬಂದು ನೋಡಿ, "ಅರೆ, ನೀ ಯಾಕ ಎದ್ದಿ? ಸರಿ ಆಕಡೆ, ನಾ ಬಡಸ್ತೇನಿ" ಎಂದರು.

"ಕೂತ್ಕೊಳ್ಳಿ ಕಾಕಾ. ಇವತ್ತು ನಾನು ಬಡಿಸ್ತೀನಿ."

"ನಂದ ನಾ ಹಾಕ್ಕೋತೇನವಾ."

"ಕೂತ್ಕೊಳ್ಳಿ ಅಂದ್ರೆ!"

ಕೂತರು. ಆಗಲೇ ನನಗೆ ಹೊಳೆದದ್ದು: ಆ ಐದು ತಿಂಗಳಲ್ಲಿ ಅವರು ಕೂತು ಉಂಡದ್ದನ್ನು ನಾನು ನೋಡಿರಲಿಲ್ಲ. ನಮಗೆಲ್ಲ ಬಡಿಸಿ, ಒಲೆಯ ಪಕ್ಕ ನಿಂತೇ, ಪಾತ್ರೆಯಲ್ಲಿ ಉಳಿದದ್ದನ್ನು ಕಲಸಿಕೊಂಡು ಮುಗಿಸಿಬಿಡುತ್ತಿದ್ದರು. ಈಗ ಮೇಜಿನ ಮುಂದೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದವರ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತಟ್ಟೆಯ ಮೂಲೆಗೆ ಉಪ್ಪು ಬಡಿಸಿದೆ, ಪಲ್ಯ ಬಡಿಸಿದೆ, ಬಿಸಿ ಅನ್ನ, ಅದರ ಮೇಲೆ ತುಪ್ಪ, ಸಾರು. ಕಲಸಿ ಎರಡು ತುತ್ತು ಉಂಡರು. ಮೂರನೆಯದನ್ನು ಎತ್ತಿದವರು ಹಾಗೇ ನಿಲ್ಲಿಸಿದರು.

"ಖಾರ ಆಯ್ತಾ ಕಾಕಾ?"

ಇಲ್ಲವೆಂದು ತಲೆಯಾಡಿಸಿದರು. ತಟ್ಟೆಯನ್ನೇ ನೋಡುತ್ತಾ ಅಂದರು.

"ಈ ದೇಶಕ್ಕ ಬಂದು ಹನ್ನೆರಡು ವರ್ಷ ಆತವಾ. ನಂದs ಅಡಗಿ, ನಂದs ತಾಟು. ಯಾರರೆ ಎದುರಿಗೆ ನಿಂತು ಬಡಿಸಿ, ಇನ್ನೊಂಚೂರು ಹಾಕ್ಲೇನು ಅಂತ ಕೇಳಿ..."

ನಮ್ಮವರು ಮಗುವನ್ನು ಎತ್ತಿಕೊಂಡು ಕಿಟಕಿಯ ಕಡೆ ತಿರುಗಿದರು.

ನಾನು ಅನ್ನದ ಪಾತ್ರೆ ತಂದು, ಸೌಟು ಹಿಡಿದು ಕಾಕಾನ ಎದುರಿಗೆ ನಿಂತೆ.

"ಇನ್ನೊಂಚೂರು ಹಾಕ್ಲಾ ಕಾಕಾ?"

ಬೇಡವೆಂದು ಅವರು ಕೈ ಅಡ್ಡ ಹಿಡಿಯಲಿಲ್ಲ. ಬಡಿಸಿದೆ. ತಲೆ ತಗ್ಗಿಸಿಕೊಂಡು ಉಂಡರು. ಮತ್ತೆ ಕೇಳಿದೆ. ಮತ್ತೆ ಬಡಿಸಿದೆ.